ಗುಂಡಿ ಒತ್ತಿ ಹಿಡಿದವಳು

ಸೆಪ್ಟೆಂಬರ್ ೪, ಬುಧವಾರ

ಕ್ಲಿಫ್ ಹೋದ. ಬಟ್ಟೆ, ಬಂದೂಕು, ಮೀನು ಹಿಡಿಯುವ ಸಾಮಾನು, ನನ್ನ ಅಮ್ಮ ಕೊಟ್ಟ ಕಂಬಳಿ, ಎಲ್ಲ ಹೊತ್ತುಕೊಂಡು ತಮ್ಮ ನಾರ್ಮ್‌ನ ಮನೆ ಸೇರಿದ್ದಾನೆ. ಗಂಡ ಹೋದನೆಂದು ಅಳು ಬರಬೇಕಿತ್ತು, ಬರಲಿಲ್ಲ. ಕಂಬಳಿಗೆ ಸ್ವಲ್ಪ ಬಂತು. ಸಂಜೆ ಪಿಕಪ್ ಹತ್ತಿ ನೋಡಿದರೆ ರೇಡಿಯೋವನ್ನೂ ಬಿಚ್ಚಿಕೊಂಡು ಹೋಗಿದ್ದಾನೆ. ಡ್ಯಾಶ್‌ಬೋರ್ಡಿನ ಕೆಳಗೆ ತಿರುಪಿನ ತೂತುಗಳು, ಕತ್ತರಿಸಿದ ಎರಡು ತಂತಿ. ಆಗ ಮೈಯೆಲ್ಲ ಉರಿಯಿತು.

ಫೋನ್ ಮಾಡಿದೆ. ಫೋನ್ ಎಂದರೆ ನನಗೆ ಏನೆಂದು ಅವನಿಗೆ ಚೆನ್ನಾಗಿ ಗೊತ್ತು. ನಾನು "ರೇ... ರೇ..." ಎಂದು ಒದ್ದಾಡುತ್ತಿರುವಾಗಲೇ ನಕ್ಕ.

"ರೇಡಿಯೋನಾ? ನಿನಗ್ಯಾಕೆ ಅದು ನೆಲ್ಡಾ? ಅದರಲ್ಲಿ ಮಾತಾಡಬೇಕಾಗುತ್ತೆ ಕಣೆ!"

ಪಿಕಪ್ ನನ್ನದು. ಮರ ಕಡಿಯುವ ಯಂತ್ರಗಳಿಗೆ ಡೀಸೆಲ್ ಒಯ್ಯುವ ಗುತ್ತಿಗೆ ನನ್ನ ಹೆಸರಿನಲ್ಲಿದೆ. ಗಾಡಿ ಓಡಿಸುವವಳೂ ನಾನೇ. ಪಕ್ಕದಲ್ಲಿ ಕೂತು ಮೈಕ್ ಹಿಡಿದು ಕಿಲೋಮೀಟರ್ ಕೂಗುವುದೊಂದೇ ಅವನ ಕೆಲಸ. ಕಾಡಿನೊಳಗಿನ ಹಾಲಿಸ್ ರಸ್ತೆಯಲ್ಲಿ ಮರದ ಲಾರಿ ಎದುರು ಬಂದರೆ ಎರಡು ಗಾಡಿಗೆ ಜಾಗವಿಲ್ಲ. ಪ್ರತಿ ಕಿಲೋಮೀಟರ್ ಬೋರ್ಡಿನ ಹತ್ತಿರವೂ ನಾವೆಲ್ಲಿದ್ದೇವೆ, ಮೇಲಕ್ಕೋ ಕೆಳಕ್ಕೋ ಎಂದು ಕೂಗಿದರೆ ಮಾತ್ರ ಯಾರು ಎಲ್ಲಿ ಸರಿದು ನಿಲ್ಲಬೇಕೆಂದು ತಿಳಿಯುತ್ತದೆ. ರೇಡಿಯೋ ಇಲ್ಲದ ಗಾಡಿ ಎರಡನೇ ಬೋರ್ಡು ದಾಟುವಂತೆಯೇ ಇಲ್ಲ.

ಇಲ್ಲಿ ಬರೆಯುವಾಗ ನಾನು ಉಗ್ಗುವುದಿಲ್ಲ. ಹಾಗಾಗಿ ಇಲ್ಲೇ ಹೇಳುತ್ತೇನೆ: ಕ್ಲಿಫ್ ಒಬ್ಬ ಹಂದಿ. ಹಂದಿ, ಹಂದಿ, ಹಂದಿ.

ಸೆಪ್ಟೆಂಬರ್ ೫, ಗುರುವಾರ

ರಸ್ತೆಯ ಉಸ್ತುವಾರಿ ವೆಂಡೆಲ್ ಬಂದಿದ್ದ. ಒಳಗೆ ಬರಲಿಲ್ಲ, ಟೋಪಿ ತಿರುಗಿಸುತ್ತ ಮೆಟ್ಟಿಲ ಮೇಲೇ ನಿಂತ. ಕೆಟ್ಟ ಸುದ್ದಿ ತಂದವರು ಹಾಗೆಯೇ ನಿಲ್ಲುತ್ತಾರೆ.

"ಕ್ಲಿಫ್ ಫೋನ್ ಮಾಡಿದ್ದ. ನಾರ್ಮ್ ಹತ್ರ ಒಂದು ಪಿಕಪ್ ಇದೆಯಂತೆ, ಇನ್ಮೇಲೆ ಡೀಸೆಲ್ ತಾನೇ ಒಯ್ತೀನಿ ಅಂತಾನೆ. ನೋಡು ನೆಲ್ಡಾ, ನಿನ್ನ ಡ್ರೈವಿಂಗ್ ಬಗ್ಗೆ ನಂದೇನೂ ತಕರಾರಿಲ್ಲ. ಆದ್ರೆ ಆ ರಸ್ತೆಯಲ್ಲಿ ಬಾಯಿ ಬೇಕು."

"ನ... ನ..."

"ನಂಗೊತ್ತು, ಕಷ್ಟ ಅಂತ."

ನಾನು ಹೇಳಹೊರಟಿದ್ದು 'ನನಗೂ ಬಾಯಿದೆ' ಎಂದು. ಅವನು ಕಾಯಲಿಲ್ಲ. ಈ ತಿಂಗಳಿಡೀ ನೋಡುತ್ತಾನಂತೆ. ನಾನೇ ಸರಿಯಾಗಿ ಕಿಲೋಮೀಟರ್ ಕೂಗಿಕೊಂಡು ಓಡಾಡಿದರೆ ಗುತ್ತಿಗೆ ನನ್ನದು, ಇಲ್ಲದಿದ್ದರೆ ಅಕ್ಟೋಬರ್‌ನಿಂದ ಕ್ಲಿಫ್‌ನದು.

ನೋಡಲಿ. ಕಣ್ಣು ಬಿಟ್ಟುಕೊಂಡು ನೋಡಲಿ.

ಸೆಪ್ಟೆಂಬರ್ ೬, ಶುಕ್ರವಾರ

ರೇಡಿಯೋ ಕೊಳ್ಳಲು ಕ್ವೆನೆಲ್ ಪೇಟೆಗೆ ಹೋದೆ. ಅಂಗಡಿಯವನು ಒಳ್ಳೆಯವನೇ, ಆದರೆ ಕಿವಿಗಿಂತ ಬಾಯಿ ಮುಂದು. ಆಂಟೆನಾ ಎಂಥದ್ದು ಬೇಕು ಎಂದ. "ಮ... ಮ..." ಎಂದೆ. "ಮ್ಯಾಗ್ನೆಟ್‌ದು! ಸುಮ್ನೆ ಇಟ್ರೆ ಕಚ್ಕೊಳ್ಳುತ್ತೆ, ತೂತು ಕೊರೆಯೋ ರಗಳೆಯಿಲ್ಲ," ಎಂದು ಕಟ್ಟಿಯೇ ಕೊಟ್ಟ. ಹಣ ಕೊಟ್ಟು ಹೊರಗೆ ಬಂದೆ. ಪಿಕಪ್‌ನಲ್ಲಿ ಕೂತು ಕೈಚೀಲ ನೋಡಿದರೆ ನನ್ನ ಮೇಲೇ ಸಿಟ್ಟು ಬಂತು. ನಾನು ಕೇಳಹೊರಟಿದ್ದು ಮಾಡಿಗೆ ಕೊರೆದು ಕೂರಿಸುವಂಥದ್ದು. ನನ್ನ ವಾಕ್ಯವನ್ನು ಇನ್ನೊಬ್ಬರು ಮುಗಿಸುತ್ತಾರೆ, ಆಮೇಲೆ ನಾನು ಅದರಂತೆ ಬದುಕುತ್ತೇನೆ. ವೆನಿಲ್ಲಾ ಕೇಳಿ ಸ್ಟ್ರಾಬೆರಿ ತಿಂದಿದ್ದೇನೆ. ಕೂದಲ ತುದಿ ಕತ್ತರಿಸಲು ಹೇಳಿ ಕಿವಿ ಕಾಣುವ ಹಾಗೆ ಕತ್ತರಿಸಿಕೊಂಡು ಬಂದಿದ್ದೇನೆ. ನನ್ನ ಮದುವೆಯೂ ಹೆಚ್ಚುಕಡಿಮೆ ಹಾಗೇ ಆದದ್ದು.

ತಿರುಗಿ ಒಳಗೆ ಹೋದೆ. ಚೀಲವನ್ನು ಮೇಜಿನ ಮೇಲಿಟ್ಟು, ಅವನು ಬಾಯಿ ತೆರೆದಾಗ ಅಂಗೈ ಎತ್ತಿ ತಡೆದು, ಮಾಡಿಗೆ ಕೊರೆಯುವುದು ಎಂದು ಹೇಳಿ ಮುಗಿಸಿದೆ. ನನ್ನ ಹಿಂದೆ ಮೂವರು ಸಾಲುಗಟ್ಟಿ ನಿಂತಿದ್ದರು. ನಿಲ್ಲಲಿ.

ತಾನೇ ಕೂರಿಸಿ ಕೊಡುತ್ತೇನೆ, ಮಂಗಳವಾರ ಗಾಡಿ ಬಿಟ್ಟುಹೋಗಿ ಎಂದ. ಬೇಡವೆಂದು ತಲೆಯಾಡಿಸಿದೆ. ನಮ್ಮ ರಸ್ತೆಯ ಚಾನೆಲ್ ಮಾತ್ರ ಹಾಕಿಸಿಕೊಂಡು ಬಂದೆ.

ಸೆಪ್ಟೆಂಬರ್ ೮, ಭಾನುವಾರ

ಪಕ್ಕದ ಮನೆಯ ಟ್ರೂಡಿ ಬೆಳಿಗ್ಗೆಯೇ ಬಂದಳು. ನಿವೃತ್ತಿಯಾಗುವವರೆಗೂ ಹಾಲಿಸ್ ರಸ್ತೆಯಲ್ಲಿ ಮಣ್ಣು ಸಮ ಮಾಡುವ ಗ್ರೇಡರ್ ಓಡಿಸಿದವಳು. ನಾನು ಆಡದ ಮಾತನ್ನೂ ಸೇರಿಸಿ ಅವಳೇ ಆಡುತ್ತಾಳೆ.

ನಾನು ಡ್ರಿಲ್ ಹಿಡಿದು ಪಿಕಪ್ಪಿನ ಮಾಡಿನ ನಟ್ಟನಡುವೆ ಗುರುತು ಹಾಕಿದಾಗ ಅವಳು ಎದೆ ಮುಟ್ಟಿಕೊಂಡಳು.

"ಅಯ್ಯೋ, ನಿಜವಾಗ್ಲೂ ಕೊರೀತೀಯೇನೇ? ಕ್ಲಿಫ್ ನೋಡಿದ್ರೆ ಹಾರಿಬೀಳ್ತಾನೆ. ಮಾಡಿಗೆ ತೂತು ಹಾಕಿದ್ರೆ ಗಾಡಿ ಬೆಲೆ ಬಿದ್ದುಹೋಗುತ್ತೆ ಅಂತಿದ್ದ."

ಕೊರೆದೆ. ಆ ಕಿರುಗುಡುವ ಸದ್ದು ಕೇಳಿ ಎಷ್ಟು ಖುಷಿಯಾಯಿತೆಂದರೆ ಇನ್ನೊಂದು ತೂತು ಕೊರೆಯೋಣ ಅನ್ನಿಸಿತು. ಗಾಡಿಯ ಬೆಲೆ ಬೀಳಲಿ, ನಾನು ಇದನ್ನು ಮಾರುವುದಿಲ್ಲ. ತೂತಿನ ಅಂಚಿನ ಬಣ್ಣ ಕೆರೆದು ಲೋಹ ಮಿಂಚುವಂತೆ ಮಾಡಿ ಆಂಟೆನಾದ ಬುಡ ಕೂರಿಸಿದೆ. ಕೇಬಲ್ಲನ್ನು ಮಾಡಿನ ಒಳಬಟ್ಟೆಯ ಅಡಿಯಿಂದ ತಂದು, ಬಾಗಿಲಿಗೆ ಸಿಕ್ಕಿ ಜಜ್ಜಿಹೋಗದ ಹಾಗೆ ಅದರ ಪಕ್ಕದ ಚೌಕಟ್ಟಿನೊಳಗೆ ಇಳಿಸುವುದಕ್ಕೇ ಮಧ್ಯಾಹ್ನವಾಯಿತು. ಕರೆಂಟಿಗೆ ಮಾತ್ರ ಸೋಮಾರಿತನ ಮಾಡಿದೆ. ಬ್ಯಾಟರಿಯವರೆಗೆ ತಂತಿ ಎಳೆಯುವ ಬದಲು ಸಿಗರೇಟು ಹೊತ್ತಿಸುವ ಸಾಕೆಟ್ಟಿನ ತಂತಿಗೇ ಸೇರಿಸಿದೆ.

ಮೈಕ್ ಹಿಡಿದು, ಅದರ ಗುಂಡಿ ಒತ್ತದೆ, "ಹಾಲಿಸ್, ಎರಡು, ಮೇಲಕ್ಕೆ, ಪಿಕಪ್" ಎಂದೆ. ನೀರು ಸುರಿದ ಹಾಗೆ ಬಂತು. ಟ್ರೂಡಿ ಚಪ್ಪಾಳೆ ತಟ್ಟಿದಳು. ಗುಂಡಿ ಒತ್ತಿದೆ. ಗಂಟಲು ಕಟ್ಟಿತು.

"ನಾಳೆ ಸರಿಹೋಗುತ್ತೆ ಬಿಡು," ಎಂದಳು ಟ್ರೂಡಿ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ.

ಸೆಪ್ಟೆಂಬರ್ ೯, ಸೋಮವಾರ

ಎರಡನೇ ಬೋರ್ಡಿನ ಹತ್ತಿರ ಗುಂಡಿ ಒತ್ತಿದೆ. ಏನೂ ಬರಲಿಲ್ಲ. ಉಸಿರು ಕೂಡ. ನನ್ನ ಬೆರಳು ಗುಂಡಿಯ ಮೇಲಿರುವಷ್ಟು ಹೊತ್ತು ಆಸುಪಾಸಿನ ರೇಡಿಯೋಗಳೆಲ್ಲ ಮೂಕವಾಗುತ್ತವೆ, ಬೇರೆಯವರು ಕೂಗಿದ್ದು ಯಾರಿಗೂ ಕೇಳಿಸುವುದಿಲ್ಲ. ಅದು ಗೊತ್ತಿದ್ದೇ ಮಾತು ಇನ್ನೂ ಸಿಕ್ಕಿಕೊಂಡಿತು. ಕೊನೆಗೆ ಹೇಗೋ "ಎ... ಎರಡು, ಮೇಲಕ್ಕೆ" ಎಂದು ಕಕ್ಕಿ ಬೆರಳು ತೆಗೆದೆ.

"ಯಾವನಪ್ಪ ಅದು, ಗುಂಡಿ ಮೇಲೆ ಕುಂಡಿ ಇಟ್ಕೊಂಡು ಕೂತಿರೋನು?" ಮರದ ಲಾರಿಯ ಲೆಸ್ಟರ್. ಅವನ ಕರಕರ ದನಿ ಎಲ್ಲಿದ್ದರೂ ಗೊತ್ತಾಗುತ್ತದೆ. "ಸೊಳ್ಳೆ ಬೇರೆ ಗುಂಯ್ ಅಂತಿದೆ."

"ಯಾವನಲ್ಲ, ಯಾವಳು," ಎಂದ ನಾರ್ಮ್. ಅವನೂ ಲಾರಿ ಓಡಿಸುತ್ತಾನೆ. "ನಮ್ಮತ್ತಿಗೆ. ಇವತ್ತು ಎರಡು ಅಂದ್ಳಲ್ಲ, ಮೂರು ಅನ್ನೋದು ನಾಳೆ."

ರಸ್ತೆಯಿಡೀ ನಕ್ಕಿತು.

ಸೊಳ್ಳೆ ಎಂದದ್ದು ನಿಜ. ಆಕ್ಸಿಲರೇಟರ್ ಒತ್ತಿದಷ್ಟೂ ನನ್ನ ದನಿಯ ಜೊತೆ ಗುಂಯ್ ಎಂಬ ಸದ್ದೂ ಏರುತ್ತದೆಯಂತೆ. ಸಾಕೆಟ್ಟಿನ ತಂತಿಯ ಪ್ರಸಾದ. ನಲವತ್ತೇಳನೇ ಬೋರ್ಡಿನವರೆಗೆ ಹೋಗಿ ಡೀಸೆಲ್ ಸುರಿದು ಬಂದೆ. ಪ್ರತಿ ಬೋರ್ಡಿಗೂ ನರಕ. ಎಲ್ಲವನ್ನೂ ಹೇಳಿದೆ. ಮನೆಗೆ ಬಂದು ಅತ್ತೆ. ಅತ್ತು ಮುಖ ತೊಳೆದು ಬಾನೆಟ್ ಎತ್ತಿ, ಬ್ಯಾಟರಿಯಿಂದಲೇ ಹೊಸ ತಂತಿ ಎಳೆದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಹಾಕಿದೆ. ಸೊಳ್ಳೆ ಸತ್ತಿತು. ನಾರ್ಮ್‌ನ ನಗುವಿಗೆ ಫ್ಯೂಸು ಎಲ್ಲಿ ಹಾಕಬೇಕೋ ಗೊತ್ತಿಲ್ಲ.

ಸೆಪ್ಟೆಂಬರ್ ೧೧, ಬುಧವಾರ

ಸಾಯಬೇಕಿತ್ತು ಇವತ್ತು.

ಹದಿಮೂರರ ಬೋರ್ಡಿನಲ್ಲಿ ಗುಂಡಿ ಒತ್ತಿದೆ. "ಹದಿಮೂರು" ಬಾಯಿಂದ ಬೀಳುವಷ್ಟರಲ್ಲಿ ಗಾಡಿ ಹದಿನಾಲ್ಕರ ಹತ್ತಿರ ಬಂದುಬಿಟ್ಟಿತ್ತು. ಲೋಡು ಹೊತ್ತು ಇಳಿಯುತ್ತಿದ್ದ ಲೆಸ್ಟರ್ ನಾನಿನ್ನೂ ಹದಿಮೂರರಲ್ಲಿದ್ದೇನೆ, ಅಲ್ಲೇ ಸರಿದು ನಿಲ್ಲುತ್ತೇನೆ ಎಂದುಕೊಂಡು ಬಂದ. ತಿರುವಿನಲ್ಲಿ ಅವನ ಲಾರಿಯ ಮುಖ ಆಕಾಶದಷ್ಟು ದೊಡ್ಡದಾಗಿ ಕಂಡಿತು. ಸ್ಟಿಯರಿಂಗ್ ಎಳೆದು ಪೊದೆಯೊಳಗೆ ನುಗ್ಗಿಸಿದೆ. ಅವನ ಮರದ ತುದಿ ನನ್ನ ಕನ್ನಡಿಯನ್ನು ಕಿತ್ತುಕೊಂಡು ಹೋಯಿತು.

ಲಾರಿ ನಿಲ್ಲಿಸಿ ಓಡಿಬಂದ. ಮುಖ ಬಿಳುಚಿತ್ತು. ನಾನು ಬದುಕಿದ್ದೇನೆಂದು ನೋಡಿಕೊಂಡ ಮೇಲೆ ಕೂಗಾಡಿದ.

"ಸುಳ್ಳು ನಂಬರ್ ಹೇಳೋದಕ್ಕಿಂತ ಸುಮ್ನಿರೋದು ವಾಸಿ ಕಣಮ್ಮ! ನಂಗೆ ಮೊಮ್ಮಕ್ಕಳಿದಾರೆ! ಮೊದ್ಲು ಬಾಯಿ ತೆಗಿ, ಆಮೇಲೆ ಗುಂಡಿ ಒತ್ತು!"

ಗುಂಡಿ ಒತ್ತದಿದ್ದರೆ ಬಾಯಿ ಚೆನ್ನಾಗಿಯೇ ಇರುತ್ತದೆ, ಒತ್ತಿದ ಕೂಡಲೇ ಕೆಡುವುದು. ಅದನ್ನು ಹೇಳಲು ಅರ್ಧ ದಿನ ಬೇಕಿತ್ತು. ಹೇಳಲಿಲ್ಲ. ಪೊದೆಯಿಂದ ಗಾಡಿಯನ್ನು ಹಿಂದಕ್ಕೆ ತೆಗೆದೆ.

ಸೆಪ್ಟೆಂಬರ್ ೧೨, ಗುರುವಾರ

ಕ್ಲಿಫ್ ಬಂದಿದ್ದ. ಸುದ್ದಿ ತಲುಪಿದೆ.

ತನ್ನದೇ ಮನೆಯಂತೆ ಅಡುಗೆಮನೆಗೆ ಬಂದು ಕೂತ. ಕಿಟಕಿಯಿಂದ ಪಿಕಪ್ಪಿನ ಮಾಡಿನ ಆಂಟೆನಾ ನೋಡಿ ನಾಲಿಗೆ ಲೊಚಗುಟ್ಟಿದ. ಆಮೇಲೆ ಮೆತ್ತಗಾದ.

"ನೋಡು ನೆಲ್, ಜಗಳ ಬೇಡ. ನಾನು ವಾಪಸ್ ಬರ್ತೀನಿ. ಮೊದಲಿನ ಹಾಗೇ ನೀನು ಓಡ್ಸು, ನಾನು ಮಾತಾಡ್ತೀನಿ. ಯಾಕೆ ಊರವರ ಮುಂದೆ ನಗೆಪಾಟಲಾಗ್ತೀಯ? ನಂಗೂ ಕೇಳೋಕೆ ಬೇಜಾರಾಗುತ್ತೆ."

ಸುಳ್ಳೇಕೆ, ಒಂದು ಗಳಿಗೆ ಹೂಂ ಅನ್ನೋಣ ಅನ್ನಿಸಿತು. ನಿನ್ನೆಯ ಲಾರಿಯ ಮುಖ ಇನ್ನೂ ಕಣ್ಣ ಮುಂದಿತ್ತು. ಆದರೂ ಬೇಡ ಎನ್ನಲು ಬಾಯಿ ತೆರೆದೆ. "ಬೇ... ಬೇ..." ನಾನು ಆ ಎರಡಕ್ಷರದ ಜೊತೆ ಗುದ್ದಾಡುತ್ತಿರುವಾಗ ಅವನು ಎದ್ದು ಲೋಟಕ್ಕೆ ಕಾಫಿ ಬಗ್ಗಿಸಿಕೊಂಡ. ಸಕ್ಕರೆಯನ್ನೂ ಹಾಕಿಕೊಂಡ. ಅವನ ಪಾಲಿಗೆ ಮಾತು ಮುಗಿದಿತ್ತು. ಇಷ್ಟು ವರ್ಷ ನನ್ನ ಒಪ್ಪಿಗೆಯನ್ನೆಲ್ಲ ಅವನು ಹೀಗೇ ಪಡೆದದ್ದು.

ಲೋಟವನ್ನು ಅವನ ಕೈಯಿಂದ ತೆಗೆದುಕೊಂಡು ಸಿಂಕಿಗೆ ಸುರಿದೆ. "ಬೇಡ" ಆಗ ಬಂತು, ಕಾಫಿ ಪೂರ್ತಿ ಬರಿದಾದ ಮೇಲೆ. ಕಂಬಳಿ ವಾಪಸ್ ತಂದುಕೊಡು ಎಂದೂ ಹೇಳಿದೆ. ಅದನ್ನು ಹೇಳಿ ಮುಗಿಸುವವರೆಗೆ ಬಾಗಿಲಿಗೆ ಅಡ್ಡ ನಿಂತಿದ್ದೆ.

ಸೆಪ್ಟೆಂಬರ್ ೧೩, ಶುಕ್ರವಾರ

ಹೊಸ ಕಾನೂನು, ನಾನೇ ಮಾಡಿದ್ದು. ಮಾತು ಹೊರಬರುವವರೆಗೆ ಗಾಡಿ ಬೋರ್ಡು ದಾಟುವುದಿಲ್ಲ. ಬೋರ್ಡಿನ ಪಕ್ಕ ಪಿಕಪ್ಪಿನ ಮೂತಿ ಬಂದ ಕೂಡಲೇ ಬ್ರೇಕ್, ಗುಂಡಿ. ನಂಬರು ಬಿದ್ದ ಮೇಲೆ ಕ್ಲಚ್ಚು ಬಿಡುವುದು. ಬೇಗ ಬಂದರೆ ಬೇಗ, ತಡವಾದರೆ ತಡ.

ತಡವೇ ಆಯಿತು. ಯಂತ್ರದವರು ಡೀಸೆಲ್ಲಿಗೆ ಕಾದು ಕೂತಿದ್ದರು, ಗೊಣಗಿದರು. ಆದರೆ ಒಂದು ನಂಬರೂ ಸುಳ್ಳಾಗಲಿಲ್ಲ.

ಸೆಪ್ಟೆಂಬರ್ ೧೬, ಸೋಮವಾರ

ಇಪ್ಪತ್ತಾರರ ಹತ್ತಿರ ಸರಿದು ನಿಂತಿದ್ದಾಗ ಬಲಕಾರ್ ಸಿಂಗ್ ಖಾಲಿ ಲಾರಿ ತಂದು ಹಿಂದೆ ನಿಲ್ಲಿಸಿದರು. ಎದುರಿನ ಲೋಡು ಹೋಗುವವರೆಗೆ ಇಬ್ಬರೂ ಕಾಯಬೇಕಿತ್ತು. ಫ್ಲಾಸ್ಕಿನಿಂದ ಏಲಕ್ಕಿ ಹಾಕಿದ ಚಹಾ ಕೊಟ್ಟರು, ಒಂದು ಮೂಲಂಗಿ ಪರೋಟ ಕೊಟ್ಟರು.

"ಭೈಣ್‌ಜೀ, ನೀವು ಬೋರ್ಡಿನ ಹತ್ರ ನಿಂತೇ ಹೇಳ್ತೀರಲ್ವಾ? ನಾನು ಹಿಂದಿನಿಂದ ನೋಡಿದೆ." ಗಡ್ಡದೊಳಗೆ ನಕ್ಕರು. "ಈ ರಸ್ತೆಯಲ್ಲಿ ಹಾಗೆ ಮಾಡೋರು ಯಾರೂ ಇಲ್ಲ. ಎಲ್ರೂ ಒಂದೊಂದು ಕಿಲೋಮೀಟರ್ ಕದೀತಾರೆ. ಇಪ್ಪತ್ತರಲ್ಲಿದ್ರೆ ಇಪ್ಪತ್ತೊಂದು ಅನ್ನೋದು, ಎದುರಿನವನು ಹೆದರಿ ಮೊದಲೇ ಸರಿದು ನಿಂತ್ಕೊಳ್ಳಲಿ ಅಂತ. ನಾನೂ ಕದ್ದಿದೀನಿ, ಸುಳ್ಳು ಹೇಳಲ್ಲ."

"ಕ್... ಕ್ಲಿಫ್?"

"ನಿಮ್ಮ ಯಜಮಾನ್ರಾ? ಅವರು ಒಂದು ಕದಿಯೋರಲ್ಲ, ಎರಡು!"

ಪಕ್ಕದಲ್ಲೇ ಕೂತು ಓಡಿಸಿದ್ದರೂ ನನಗೆ ತಿಳಿದಿರಲಿಲ್ಲ. ಹೇಗೂ ಅವನು ಕೂಗುತ್ತಾನೆ ಎಂದು ನಾನು ಬೋರ್ಡು ನೋಡುವುದನ್ನೇ ಬಿಟ್ಟಿದ್ದೆ.

ಪರೋಟ ಚೆನ್ನಾಗಿತ್ತು. ಅವರ ಹೆಂಡತಿಯನ್ನು ಕೇಳಿ ಹೇಗೆ ಮಾಡುವುದೆಂದು ತಿಳಿಯಬೇಕು.

ಸೆಪ್ಟೆಂಬರ್ ೧೮, ಬುಧವಾರ

ನಾರ್ಮ್ ಇವತ್ತು ರೇಡಿಯೋದಲ್ಲಿ ನನ್ನಂತೆಯೇ ಉಗ್ಗಿ ತೋರಿಸಿದ. ಚೆನ್ನಾಗಿಯೇ ಮಾಡಿದ, ದರಿದ್ರದವನು. ಯಾರೋ ಒಬ್ಬ ನಕ್ಕ, ಒಬ್ಬನೇ. ನಾನು ಹತ್ತೊಂಬತ್ತರ ಬೋರ್ಡಿನಲ್ಲಿ ಗುಂಡಿ ಒತ್ತಿ, "ಹ... ಹ... ಹತ್ತೊಂಬತ್ತು, ಮೇಲಕ್ಕೆ. ನಾರ್ಮ್, ನೀ... ನೀನೆಲ್ಲಿ? ಉಗ್ಗಿದ್ದು ಕೇ... ಕೇಳಿಸ್ತು, ನಂಬರು ಕೇಳಿಸ್ಲಿಲ್ಲ," ಎಂದೆ.

ಈಗ ರಸ್ತೆ ನಕ್ಕಿತು. ಲೆಸ್ಟರ್ ಕೆಮ್ಮುವವರೆಗೆ ನಕ್ಕ.

ಸೆಪ್ಟೆಂಬರ್ ೨೦, ಶುಕ್ರವಾರ

ಮಳೆ, ಕೆಸರು. ಹೋಗಿ ಬಂದೆ. ಕನ್ನಡಿ ಹಾಕಿಸಿದೆ.

ಸೆಪ್ಟೆಂಬರ್ ೨೫, ಬುಧವಾರ

ವೆಂಡೆಲ್ ಸಿಕ್ಕಿದ್ದ. ಶುಕ್ರವಾರ ಯಂತ್ರಗಳು ಹೆಚ್ಚಿವೆ, ಎರಡು ಪಿಕಪ್ ಬೇಕು, ಕ್ಲಿಫ್ ಕೂಡ ಬರುತ್ತಾನೆ ಎಂದ. "ಇಬ್ಬರನ್ನೂ ಒಟ್ಟಿಗೆ ಕೇಳಿಸ್ಕೊಂಡು ಆಮೇಲೆ ತೀರ್ಮಾನ ಮಾಡ್ತೀನಿ. ಅವನದು ಒಂದು ಉಸಿರಿನ ಕೂಗು ನೆಲ್ಡಾ, ನಿಂದು ಒಂದು ನಿಮಿಷದ್ದು. ನಾನೇನ್ ಮಾಡ್ಲಿ?"

"ಕೇ... ಕೇಳಿಸ್ಕೋ," ಎಂದೆ.

ಸೆಪ್ಟೆಂಬರ್ ೨೭, ಶುಕ್ರವಾರ

ಬೆಳಗಿನಿಂದ ಹಿಮ. ಈ ವರ್ಷದ ಮೊದಲನೆಯದು, ಒದ್ದೆ, ಜಾರುವಂಥದ್ದು. ಕ್ಲಿಫ್ ನನಗಿಂತ ಮುಂದಿದ್ದ. ಇಪ್ಪತ್ತೊಂಬತ್ತರ ಬೋರ್ಡಿನಲ್ಲಿ ನಾನು ನಿಂತಾಗ ಅವನ ಹಿಂದಿನ ಕೆಂಪು ದೀಪ ಕಣ್ಣಿಗೇ ಕಾಣುತ್ತಿತ್ತು. ಆಗಲೇ ರೇಡಿಯೋದಲ್ಲಿ ಅವನ ದನಿ: "ಹಾಲಿಸ್, ಮೂವತ್ತೊಂದು, ಮೇಲಕ್ಕೆ, ಪಿಕಪ್." ಬೆಣ್ಣೆಯಂಥ ದನಿ. ಮೂವತ್ತನ್ನೂ ಮುಟ್ಟಿರಲಿಲ್ಲ ಅವನು.

ಮೂವತ್ತಕ್ಕೆ ಬಂದರೆ ಬೋರ್ಡಿನ ಪಕ್ಕದಲ್ಲೇ ಅವನ ಪಿಕಪ್ ಅಡ್ಡ ತಿರುಗಿ ನಿಂತಿದೆ. ಮುಂದಿನ ಚಕ್ರ ಚರಂಡಿಯಲ್ಲಿ, ಹಿಂಭಾಗ ರಸ್ತೆಯ ತುಂಬ, ಹಿಂದೆ ಡೀಸೆಲ್ ಟ್ಯಾಂಕು. ಮೇಲಿನಿಂದ ಲೆಸ್ಟರ್ ಕೂಗಿದ, "ಮೂವತ್ನಾಲ್ಕು, ಕೆಳಕ್ಕೆ, ಲೋಡು." ಅವನಿರುವಲ್ಲಿಂದ ಮೂವತ್ತಮೂರರವರೆಗೆ ಸಮತಟ್ಟು. ಅದು ದಾಟಿದರೆ ಒಂದೇ ಇಳಿಜಾರು, ಇಂಥ ಹಿಮದಲ್ಲಿ ಲೋಡಿನ ಲಾರಿಯನ್ನು ದೇವರೂ ನಿಲ್ಲಿಸಲಾರ.

ಕ್ಲಿಫ್‌ನ ದನಿ ಬಂತು. "ಲೆಸ್ಟರ್, ಮೇಲೇ ಸ್ವಲ್ಪ ನಿಲ್ಲು. ನಾನು ಮೂವತ್ತರಲ್ಲಿದೀನಿ."

ಚರಂಡಿಗೆ ಬಿದ್ದಿದ್ದೇನೆ ಎನ್ನಲಿಲ್ಲ. ವೆಂಡೆಲ್ ಕೇಳಿಸಿಕೊಳ್ಳುತ್ತಿದ್ದನಲ್ಲ.

"ಈಗ ತಾನೇ ಮೂವತ್ತೊಂದು ಅಂದೆ, ಈಗ ಮೂವತ್ತು ಅಂತೀಯ! ಹಿಂದಕ್ಕೆ ಓಡಿಸ್ತಿದೀಯೇನೋ?" ಲೆಸ್ಟರ್‌ಗೆ ಸಿಟ್ಟು ಬಂದಿತ್ತು. "ನೀನು ಮೊದಲು ಹತ್ಬೇಕು ಅಂತ ನಾನು ಲೋಡಿಟ್ಕೊಂಡು ಕಾಯ್ಬೇಕಾ? ಈ ಆಟ ನನ್ ಹತ್ರ ಬೇಡ. ಸರಿದು ನಿಂತ್ಕೋ, ನಾನು ಬರ್ತಿದೀನಿ."

ನಾನು ಗುಂಡಿ ಒತ್ತಿದೆ. ಗಂಟಲು ಕಟ್ಟಿತು.

ಕ್ಲಿಫ್ ಓಡಿಬಂದು ನನ್ನ ಕಿಟಕಿ ಬಡಿದ. "ಬೇಡ ನೆಲ್! ವೆಂಡೆಲ್ ಕೇಳಿಸ್ಕೊಳ್ತಾನೆ! ಮೈಕ್ ಇಲ್ಲಿ ಕೊಡು, ನಾನು ಹೇಗೋ ಹೇಳಿ ನಿಲ್ಲಿಸ್ತೀನಿ. ನಿನ್ನ ಕೈಲಿ ಎಲ್ಲಾಗುತ್ತೆ, ಅಷ್ಟರಲ್ಲಿ ಅವನು ಬಂದೇ ಬಿಡ್ತಾನೆ!" ಬಾಗಿಲಿನ ಹಿಡಿ ಎಳೆದ. ಬಾಗಿಲಿಗೆ ಬೀಗ ಹಾಕಿತ್ತು. ಗಾಜಿನಾಚೆ ಅವನ ಬಾಯಿ ಆಡುತ್ತಲೇ ಇತ್ತು. ನಾನು ಅವನನ್ನು ನೋಡುವುದು ಬಿಟ್ಟು ಬೋರ್ಡು ನೋಡಿದೆ. ಬೆರಳು ತೆಗೆಯಲಿಲ್ಲ. ತೆಗೆದಿದ್ದರೆ ಅವನ ಮಾತೇ ಕೊನೆಯದಾಗುತ್ತಿತ್ತು.

"ಮೂ... ಮೂ... ಮೂವತ್ತು. ಕ್ಲಿಫ್ ಚ... ಚರಂಡಿಯಲ್ಲಿ. ರಸ್ತೆಗೆ ಅಡ್ಡ. ನಾನೂ ಇಲ್ಲೇ. ಮೇಲೇ ನಿ... ನಿಲ್ಲು ಲೆಸ್ಟರ್."

ಬೆರಳು ತೆಗೆದೆ. ಆ ನಂತರದ ಮೌನ ನನ್ನದಲ್ಲ, ರಸ್ತೆಯದು. ಅಷ್ಟು ಹೆದರಿಕೆ ನನಗೆ ಯಾವತ್ತೂ ಆಗಿರಲಿಲ್ಲ.

"ಮೂವತ್ತಮೂರರಲ್ಲಿ ನಿಂತಿದೀನಿ," ಎಂದ ಲೆಸ್ಟರ್. "ನಿಧಾನ ಮಾಡ್ಕೊಳಿ."

ಬಲಕಾರ್ ಸಿಂಗ್ ಹಿಂದಿನಿಂದ ಬಂದು ಸರಪಳಿ ಕೊಟ್ಟರು, ಕ್ಲಿಫ್‌ನ ಗಾಡಿಯನ್ನು ಎಳೆದು ಬದಿಗೆ ಹಾಕಿದೆವು. ಆಮೇಲೆ ಲೆಸ್ಟರ್ ಆಮೆಯಂತೆ ಇಳಿದು ಬಂದ. ನನ್ನ ಪಕ್ಕದಲ್ಲಿ ಕಿಟಕಿ ಇಳಿಸಿದ.

"ನೀನು ಗುಂಡಿ ಒತ್ತಿದಾಗಲೇ ಬ್ರೇಕ್ ಮೇಲೆ ಕಾಲಿಟ್ಟಿದ್ದೆ ಕಣಮ್ಮ. ರೇಡಿಯೋ ಮೂಕಾಯ್ತು ಅಂದ್ರೆ ನೀನು ಯಾವ್ದೋ ಬೋರ್ಡಿನ ಹತ್ರ ನಿಂತು ನಿಜ ಹೇಳೋಕೆ ಹೊರಟಿದೀಯ ಅಂತ ಈಗ ಎಲ್ರಿಗೂ ಗೊತ್ತು."

ನಾನು ಏನೋ ಹೇಳಹೊರಟೆ. ಅವನು ಲಾರಿಯ ಎಂಜಿನ್ ಆರಿಸಿ ಕಾದ. ಹಿಂದೆ ಎರಡು ಲೋಡು ನಿಂತಿದ್ದವು. ನಾನು ಹೇಳಿದ್ದು ಇಷ್ಟೇ: "ಮೊ... ಮೊಮ್ಮಕ್ಕಳು ಚೆನ್ನಾಗಿದಾರಾ?"

ಸೆಪ್ಟೆಂಬರ್ ೩೦, ಸೋಮವಾರ

ಟ್ರೂಡಿಯನ್ನು ಫೋನ್ ಮಾಡಿ ಊಟಕ್ಕೆ ಕರೆದಿದ್ದೇನೆ, ಬರುವ ಹೊತ್ತಾಯಿತು. ಬೇಗ ಬರೆಯುತ್ತೇನೆ.

ಬೆಳಿಗ್ಗೆ ಎರಡನೇ ಬೋರ್ಡಿನ ಹತ್ತಿರ ವೆಂಡೆಲ್ ರೇಡಿಯೋದಲ್ಲೇ, ಎಲ್ಲರೂ ಕೇಳುವಂತೆ ಕೇಳಿದ. "ನೆಲ್ಡಾ, ಅಕ್ಟೋಬರ್‌ನಿಂದ ಡೀಸೆಲ್ ನಿಂದೇ. ಜೊತೆಗೆ ಮಾತಾಡೋಕೆ ಒಬ್ಬರನ್ನ ಹಾಕಿಕೊಡ್ಲಾ? ಬೇಕಾದ್ರೆ ಈಗಲೇ ಹೇಳು."

ಗುಂಡಿ ಒತ್ತಿದೆ. ಆ ಒಂದು ಮಾತು ತನಗೆ ತೋಚಿದಷ್ಟು ಹೊತ್ತು ತೆಗೆದುಕೊಂಡಿತು. ಹಿಮ ಕರಗಿ ಮಾಡಿನಿಂದ ತೊಟ್ಟಿಕ್ಕುತ್ತಿತ್ತು. ಬೆರಳು ತೆಗೆದ ಮೇಲೂ ಸ್ವಲ್ಪ ಹೊತ್ತು ಯಾರೂ ಬಾಯಿ ಹಾಕಲಿಲ್ಲ, ನನ್ನದು ಮುಗಿಯಿತೋ ಇಲ್ಲವೋ ಎಂದು ಇಡೀ ರಸ್ತೆ ಕಾಯುತ್ತಿತ್ತು.

ಮುಗಿದಿತ್ತು. "ಬೇಡ," ಎಂದಿದ್ದೆ.